ಗೂಟಿ ಕಟ್ಟಿದ ಕೊಂಬೆ

ಕಳೆದ ವಾರ ದೊಡ್ಡೇರಿಯ ನಮ್ಮ ದಾಳಿಂಬೆ ತೋಟದಲ್ಲಿ ಗೂಟಿ ಕಟ್ಟುವ ಕೆಲಸ ನಡೆದಿತ್ತು. ಕೊಂಬೆಯ ತೊಗಟೆ ಸುಲಿದು, ಒದ್ದೆ ಪಾಚಿಯಿಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ, ಬೇರು ಬಂದ ಮೇಲೆ ಕತ್ತರಿಸಿ ನೆಡುವ ಪದ್ಧತಿಯದು. ಆ ಪಾಚಿಯ ವಾಸನೆಗೆ, ಮಧುಗಿರಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುತ್ತಿದ್ದ ಮೇಡಂ ನೆನಪಾದರು. ಬರೆದು ಅಭ್ಯಾಸವಿಲ್ಲದ ನಾನು, ತಪ್ಪುಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿ, ಅವರ ಕುರಿತ ಸಂಗತಿಯೊಂದನ್ನು ಈ ಮೂಲಕ ಸಾದರಪಡಿಸುತ್ತೇನೆ.

ಸಂತಾನೋತ್ಪತ್ತಿಯ ಪಾಠದ ದಿನ ಹುಡುಗಿಯರೆಲ್ಲ ತಲೆ ತಗ್ಗಿಸಿ ಕುಳಿತಿದ್ದೆವು. ಮೇಡಂ ಮೇಜಿನ ಮೇಲೆ ಗೂಟಿ ಕಟ್ಟಿದ ಕೊಂಬೆಯೊಂದನ್ನೂ ಒಡೆದ ದಾಳಿಂಬೆಯೊಂದನ್ನೂ ಇಟ್ಟರು. ಕೊಂಬೆಯದು ನಿರ್ಲಿಂಗ ಸಂತಾನೋತ್ಪತ್ತಿ, ಅದಕ್ಕೆ ಒಂದೇ ಜೀವಿ ಸಾಕು ಎಂದರು. ಸಸಿ ತಾಯಿಯ ಪಡಿಯಚ್ಚು, ಫಲವೂ ಬೇಗ. ಆದರೆ ತಾಯಿಗಿಡವನ್ನು ಕೊಲ್ಲುವ ರೋಗ ಇಡೀ ಸಾಲನ್ನೇ ಕೊಲ್ಲಬಲ್ಲದು. ಲೈಂಗಿಕ ಸಂತಾನೋತ್ಪತ್ತಿಯಲ್ಲಿ ಎರಡರ ಗುಣಗಳು ಬೆರೆಯುತ್ತವೆ. ಬೀಜದ ಗಿಡ ಹುಳಿಯೋ ಸಿಹಿಯೋ ಮೊದಲೇ ಹೇಳಲಾಗದು, ಕಾಯಬೇಕು. ರೋಗ ಬಂದಾಗ ಅವುಗಳಲ್ಲಿ ಯಾವುದೋ ಒಂದು ಉಳಿದೀತು. “ಬೆರೆಯೋದು ದೂರದ್ದಾದಷ್ಟೂ ಒಳ್ಳೇದು,” ಎಂದು ಅವರು ಪಾಠ ಮುಗಿಸಿದರು...

ಆ ಮಾತು ನನ್ನನ್ನು ಚುಚ್ಚಿತು. ತಂದೆ ತೀರಿಕೊಂಡ ಬಳಿಕ ತಾಯಿ ನನ್ನನ್ನು ತವರಿಗೆ ಕರೆತಂದಿದ್ದರು. ಅಲ್ಲಿದ್ದವರು ಅಜ್ಜಿ ಮತ್ತು ಸೋದರಮಾವ. ಆ ಮಾವನಿಗೇ ನನ್ನನ್ನು ಕೊಡುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅಳುತ್ತಲೇ ಮೇಡಂಗೆ ತಿಳಿಸಿದೆ. ಮುಂದಿನ ಭಾನುವಾರ ಅವರು ತಾವು ವಾಸವಿದ್ದ ಕೊರಟಗೆರೆಯಿಂದ ಬಸ್ಸು ಹಿಡಿದು ನಮ್ಮ ಮನೆಗೇ ಬಂದರು.

ಅಜ್ಜಿ ಕಾಫಿ ಕೊಟ್ಟು ನಕ್ಕರು. “ನಮ್ಮ ಗಿಡ ನಮ್ಮಂಗಳದಾಗೇ ಇರ್ಲಿ ಬುಡಮ್ಮ. ಗೊತ್ತಿಲ್ದೋರ ಮನೆಗೆ ಯಾಕೆ ಕಿತ್ತಾಕ್ಬೇಕು?”

“ಹುಟ್ಟೋ ಮಕ್ಕಳ ಗತಿ ಯೋಚನೆ ಮಾಡಿ ಅಜ್ಜಿ. ಒಂದೇ ರಕ್ತದಲ್ಲಿ ಅಡಗಿರೋ ಕಾಯಿಲೆ ಎರಡೂ ಕಡೆಯಿಂದ ಬಂದು ಸೇರುತ್ತೆ.”

“ಅಯ್ಯೋ, ನೀನೂ ನಿನ್ ಮಾವನ್ನೇ ಕಟ್ಕಂಡಿದ್ಯಂತಲ್ಲೇ ಮೇಷ್ಟ್ರಮ್ಮ! ನಮಗ್ಯಾಕೆ ಪಾಠ?”

ಮೇಡಂ ಲೋಟ ಕೆಳಗಿಟ್ಟರು. “ಎರಡು ಕೂಸು ಹೆತ್ತೆ ಅಜ್ಜಿ. ಎರಡೂ ಒಂದೇ ಕಾಯಿಲೆಗೆ ಹೋದವು. ಅದಕ್ಕೇ ಬಂದೆ.”

ಅಜ್ಜಿ ಆ ಲೋಟ ಕೈಗೆತ್ತಿಕೊಂಡರು. ಆಮೇಲೆ, “ಅದು ನಿನ್ ಹಣೇಬರ ಕಣಮ್ಮ,” ಎಂದು ಎದ್ದು ಒಳಗೆ ಹೋದರು. ತಾಯಿ ನೆಲ ನೋಡುತ್ತಿದ್ದರು...

ನನ್ನ ಮದುವೆ ಅದೇ ಅಂಗಳದಲ್ಲಿ ಜರುಗಿತು. ಪತಿಯವರು ಒಳ್ಳೆಯವರೆಂಬುದನ್ನು ಇಲ್ಲಿ ನಮೂದಿಸಲೇಬೇಕು. ಆದರೆ ನಾನು ದಾಟಿದ್ದು ನಡುಮನೆಯಿಂದ ಕೋಣೆಯವರೆಗೆ ಮಾತ್ರ. ಮುನಿಸಿಕೊಂಡು ಹೋಗಲು ನನಗೊಂದು ತವರಿರಲಿಲ್ಲ; ಅತ್ತೆಯಾದ ಅಜ್ಜಿಯ ಮೇಲಿನ ದೂರನ್ನು ಅತ್ತೆಯ ಮಗಳಾದ ತಾಯಿಗೇ ಹೇಳಬೇಕಿತ್ತು. ಗರ್ಭಿಣಿಯಾಗಿದ್ದ ಆ ತಿಂಗಳುಗಳನ್ನು ಹೇಗೆ ಕಳೆದೆನೋ... ಮಗಳು ಆರೋಗ್ಯವಾಗಿ ಹುಟ್ಟಿದಳು. ಅವಳಿಗೆ ಬಂದ ಪ್ರತಿ ಜ್ವರಕ್ಕೂ ಮೇಡಂ ಕಳೆದುಕೊಂಡ ಕೂಸುಗಳು ನೆನಪಾದವು. ಎರಡನೆಯ ಮಗುವಿಗೆ ಧೈರ್ಯ ಬರಲಿಲ್ಲ.

ಮಗಳ ಪದವಿ ಈಗ ಮುಗಿದಿದೆ. ಮೊನ್ನೆ ಶಿರಾದಿಂದ ಬಂದ, ತಾಯಿಯ ತಂಗಿಯಾದ ಚಿಕ್ಕಮ್ಮ, “ನಮ್ ಹುಡುಗನಿಗೇ ಕೊಟ್ಬುಡೇ, ಹೊರಗಿನೋರು ಯಾಕೆ?” ಎಂದರು. ಪತಿಯವರು ಅಂಗಳದತ್ತ ನೋಡುತ್ತಾ ಕುಳಿತರು. ಆಗದೆಂದು ನಾನೇ ಹೇಳಿದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಚಿಕ್ಕಮ್ಮ ಕಾಫಿ ಮುಟ್ಟದೆ ಹೊರಟುಹೋದರು.

ಈ ವಿಷಯವನ್ನು ಮೇಡಂ ಅವರ ಗಮನಕ್ಕೆ ತರಬೇಕೆಂದು ಕೊರಟಗೆರೆಗೆ ಹೋದೆ. ಅವರು ತೀರಿಕೊಂಡು ವರ್ಷವಾಯಿತೆಂದು ಪಕ್ಕದ ಮನೆಯವರು ತಿಳಿಸಿದರು. ಬಾಗಿಲಿಗೆ ಬೀಗವಿತ್ತು. ಹೇಳಬೇಕಾದುದನ್ನು ಹಾಗೆಯೇ ಇಟ್ಟುಕೊಂಡು ಬಸ್ಸು ಹತ್ತಿ ಅದೇ ಅಂಗಳಕ್ಕೆ ಮರಳಿದೆ.