ಅತ್ತೆಯ ಕರಡಿಗೆಗೆ ಸೀಸ ಹಾಕಿದ್ದು

ಮದುವೆಯಾಗಿ ಹಳೇಬೀಡಿನಿಂದ ಅರಸೀಕೆರೆಗೆ ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ಅಡಿ ಒಂದು ಸೋಲ್ಡರಿಂಗ್ ಐರನ್ನೂ ಇತ್ತು. ಇಪ್ಪತ್ತೈದು ವಾಟಿನದು, ತುದಿ ಸವೆದದ್ದು. ನಮ್ಮಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಮಗಳಿಗೆ ಅಡುಗೆ ಕಲಿಸಬೇಕಾದ ವಯಸ್ಸಿನಲ್ಲಿ ಸೀಸ ಕರಗಿಸಿ ತಂತಿ ಬೆಸೆಯುವುದನ್ನು ಕಲಿಸಿದರು. ಎರಡನ್ನೂ ಒಟ್ಟಿಗೆ ಕಲಿಯುವಷ್ಟು ಬುದ್ಧಿ ನನಗಿರಲಿಲ್ಲ. ನನ್ನ ಸಾರು ಇವತ್ತಿಗೂ ನೀರು ನೀರೇ.

ಗಂಡನ ಮನೆಯವರು ಕೊಬ್ಬರಿ ವ್ಯಾಪಾರಿಗಳು. ಅವರ ಪ್ರಕಾರ ಯಾವುದಾದರೂ ವಸ್ತು ಕೆಟ್ಟರೆ ಎರಡೇ ದಾರಿ: ಅಟ್ಟಕ್ಕೆ ಎಸೆಯುವುದು, ಇಲ್ಲವೇ ಹೊಸದು ತರುವುದು. ಸೊಸೆ ಜಗಲಿಯ ಮೇಲೆ ಕೂತು ಸೊಳ್ಳೆ ಬ್ಯಾಟಿನ ಹೊಟ್ಟೆ ಬಿಚ್ಚಿ ಹೊಗೆ ಎಬ್ಬಿಸುವುದು ಮೂರನೆಯ ದಾರಿ ಎಂದು ಯಾರಿಗೂ ಹೊಳೆದಿರಲಿಲ್ಲ. "ಕರೆಂಟ್ ಹೊಡೆಸ್ಕಂಡು ಹೋಗ್ಬಿಟ್ರೆ ನಿಮ್ಮಪ್ಪಂಗೆ ಏನಂತ ಹೇಳ್ಲಿ ನಾನು?" ಎಂದು ನನ್ನ ಗಂಡ ಕೇಳುತ್ತಿದ್ದರು. ನಾನು ಹೋಗುವುದು ಅವರ ಚಿಂತೆಯಲ್ಲ, ಮಾವನಿಗೆ ಉತ್ತರ ಹೇಳುವುದು ಚಿಂತೆ. ಬೀದಿಯ ಹೆಂಗಸರು ಟಾರ್ಚು, ಸೀರಿಯಲ್ ಸೆಟ್ಟು, ಮಕ್ಕಳ ಕಾರು ಎಲ್ಲ ಹೊತ್ತು ತರುತ್ತಿದ್ದರು. ನಮ್ಮ ಮನೆಯವರು ಮಾತ್ರ ಏನನ್ನೂ ತರುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ. ಅತ್ತೆಯಂತೂ ನಾನು ಪ್ಲಗ್ ಹಾಕಿದ ಕೂಡಲೇ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, "ಸುಡುಗಾಡು ವಾಸನೆ ಕಣೇ ಇದು" ಎಂದು ಎದ್ದು ಒಳಗೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ದಿನ ಅವರ ಕರಡಿಗೆಯ ಕೊಂಡಿ ಮುರಿಯಿತು.

ಕರಡಿಗೆ ಎಂದರೆ ಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಭರಣಿ. ಎರಡು ತುದಿಗೆ ಎರಡು ಕೊಂಡಿ, ಅದರೊಳಗೆ ಶಿವದಾರ. ಅತ್ತೆಯದು ಅವರ ಅವ್ವನದಾಗಿತ್ತು. ಗೆಂಡೆಹಳ್ಳಿಯ ಆ ಅಜ್ಜಿ ತೀರಿಕೊಂಡಾಗ ಪದ್ಧತಿಯಂತೆ ಲಿಂಗ ಅವರ ಜೊತೆಗೇ ಮಣ್ಣಿಗೆ ಹೋಯಿತು. ಬೆಳ್ಳಿ ಮಾತ್ರ ಮಗಳಿಗೆ ಉಳಿಯಿತು. ಅದರ ಹೊಟ್ಟೆಯ ಮೇಲೆ ಎರಡು ಸಣ್ಣ ತಗ್ಗುಗಳಿದ್ದವು. ಹಾಲು ಕುಡಿಯುವ ಕೂಸಾಗಿದ್ದಾಗ ಅವ್ವನ ಎದೆಯ ಮೇಲೆ ತೂಗಾಡುತ್ತಿದ್ದ ಅದನ್ನು ಅತ್ತೆಯೇ ಕಚ್ಚಿದ್ದಂತೆ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಒಂದು ಸಲ, ಅದೂ ಅವರೆಕಾಯಿ ಬಿಡಿಸುತ್ತಾ, ನನ್ನ ಮುಖ ನೋಡದೆ.

ಗಂಡ ಒಯ್ದು ತೋರಿಸಿದಾಗ ಪೇಟೆಯ ಅಕ್ಕಸಾಲಿಗರು ಕನ್ನಡಕ ಮೂಗಿಗೆ ಇಳಿಸಿಕೊಂಡು ನೋಡಿದರು. "ತಗಡು ಸವೆದು ಎಲೆ ಆಗೈತೆ ಯಜಮಾನ್ರೆ. ಬೆಂಕಿ ತೋರ್ಸಿದ್ರೆ ನಿಲ್ಲಲ್ಲ. ಕರಗಿಸಿ, ಒಂಚೂರು ಬೆಳ್ಳಿ ಸೇರಿಸಿ ಹೊಸದೇ ಮಾಡ್ಬಿಡಣ" ಎಂದರು. ನನ್ನ ಗಂಡ ಹೊಸದು ಎಂಬ ಮಾತು ಕೇಳಿದರೆ ಸಾಕು, ಅರಳುತ್ತಾರೆ. ಶುಕ್ರವಾರ ತಂದುಕೊಡುವುದೆಂದು ಅಲ್ಲೇ ಮಾತಾಯಿತು. ಮನೆಗೆ ಬಂದು ಹೇಳಿದಾಗ ಅತ್ತೆ "ಆಗ್ಲಿ ಬಿಡು" ಎಂದರು. ಅತ್ತೆ ಆಗಲಿ ಎಂದರೆ ಬೇಡ ಎಂದರ್ಥ. ಆ ಹೊಟ್ಟೆಯಲ್ಲೇ ಹುಟ್ಟಿದ ಮಗನಿಗೆ ಅದು ಗೊತ್ತಿಲ್ಲ, ಬಂದು ಆರು ವರ್ಷವಾದ ನನಗೆ ಗೊತ್ತು. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊರಳಿಗೆ ಹಾಕಿಕೊಂಡರು. ಊಟಕ್ಕೆ ಕೂತರೆ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದರು.

ಗುರುವಾರ ಮಧ್ಯಾಹ್ನ ಗಂಡ ಮಂಡಿಗೆ ಹೋದ ಮೇಲೆ ಅತ್ತೆ ಕರಡಿಗೆಯನ್ನು ತಂದು ನನ್ನ ಮುಂದಿಟ್ಟರು.

"ನಿನ್ನ ಆ ಕಡ್ಡೀಲಿ ಇದು ಕೂತ್ಕಳ್ತದಾ?"

"ಕೂತ್ಕೊಳ್ಳುತ್ತೆ ಅತ್ತೆ" ಎಂದೆ. ಬೆಳ್ಳಿಗೆ ಅದುವರೆಗೆ ನಾನು ಸೀಸ ಹಾಕಿದ್ದೇ ಇಲ್ಲ ಎಂಬುದನ್ನು ಹೇಳಲು ಹೋಗಲಿಲ್ಲ.

"ಹಂಗಾರೆ ಸ್ನಾನ ಮಾಡ್ಕಂಡು ಬಾ. ವಿಭೂತಿ ಹಚ್ಕೋ."

ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಹಣೆಗೆ ವಿಭೂತಿ ಬಳಿದುಕೊಂಡು ಸೋಲ್ಡರಿಂಗ್ ಮಾಡಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಮುರಿದ ಜಾಗವನ್ನು ಬ್ಲೇಡಿನಿಂದ ಕೆರೆದೆ, ಸೀಸ ಹಿಡಿಯಲೆಂದು ಪೇಸ್ಟ್ ಸವರಿದೆ, ಐರನ್ ಒತ್ತಿದೆ. ಸೀಸ ಉಂಡೆಯಾಗಿ ಉರುಳಿ ನೆಲಕ್ಕೆ ಬಿತ್ತು. ಮತ್ತೆ ಒತ್ತಿದೆ, ಮತ್ತೆ ಬಿತ್ತು. ಬೆಳ್ಳಿ, ನಾವು ಕೊಟ್ಟ ಕಾವನ್ನೆಲ್ಲ ಮೈತುಂಬ ಹಂಚಿಕೊಂಡು ಸುಮ್ಮನೆ ಕೂರುತ್ತದೆ, ಕೊಂಡಿಯ ಹತ್ತಿರ ಮಾತ್ರ ಕಾಯುವುದಿಲ್ಲ. ನನ್ನ ಕಡ್ಡಿಗೆ ಅಷ್ಟು ಶಕ್ತಿ ಇರಲಿಲ್ಲ. ಕೊನೆಗೆ ಹಿಡಿ ಮುರಿದ ಹಳೆಯ ದೋಸೆ ಕಾವಲಿಯನ್ನು ಒಲೆಯ ಮೇಲಿಟ್ಟು, ಅದರ ಮೇಲೆ ಕರಡಿಗೆಯನ್ನು ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಸೀಸ ಹಾಕಿದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಮೂಗು ಮುಚ್ಚಿಕೊಂಡಿರಲಿಲ್ಲ. "ಮೆಲ್ಲಕೆ ಕಣವ್ವ, ದೋಸೆ ಅಲ್ಲ ಅದು" ಎಂದರು.

ಕೊಂಡಿ ಕೂತಿತು. ಶಿವದಾರ ಪೋಣಿಸಿ ಎಳೆದು ನೋಡಿದರೂ ಅಲ್ಲಾಡಲಿಲ್ಲ. ಆದರೆ ನೋಡಲು ಅಸಹ್ಯವಾಗಿತ್ತು. ಬೂದು ಬಣ್ಣದ ದೊಡ್ಡ ನರೂಲಿ ಎದ್ದಂತೆ. ಸಂಜೆ ಬಂದ ಗಂಡ ಅದನ್ನು ನೋಡಿ, "ಏನಿದು ಅವತಾರ? ನಾಳೆ ಹೆಂಗೂ ಕರಗಿಸ್ತೀವಲ್ಲ" ಎಂದರು. ಸಾಲದೆಂದು ನಕ್ಕರು. ಅತ್ತೆ ಅದಕ್ಕೂ "ಆಗ್ಲಿ" ಎಂದರು.

ಶುಕ್ರವಾರ ಮೂವರೂ ಹೋದೆವು. ಅಕ್ಕಸಾಲಿಗರು ಕರಡಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಉಗುರಿನಿಂದ ನರೂಲಿಯನ್ನು ಗೀರಿದರು. ಆಮೇಲೆ ಅದನ್ನು ಸತ್ತ ಇಲಿಯನ್ನು ಕೆಳಗಿಡುವ ಹಾಗೆ ಇಟ್ಟರು.

"ಯಾರ್ರೀ ಇದಕ್ಕೆ ಸೀಸ ಬಿಟ್ಟೋರು?"

ನನ್ನ ಗಂಡ ನನ್ನ ಕಡೆ ನೋಡಿದ ರೀತಿ ಹೇಗಿತ್ತೆಂದರೆ, ಈ ಹೆಂಗಸು ಯಾರೋ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬಂದವಳು ಎಂಬಂತೆ.

"ಇನ್ನು ಇದನ್ನ ಕರಗಿಸಂಗಿಲ್ಲ" ಎಂದರು ಅಕ್ಕಸಾಲಿಗರು. "ಸೀಸ ಬೆಳ್ಳಿಗೆ ಬೆರೀತು ಅಂದ್ರೆ ಎಲ್ಲಾ ಪುಡಿಪುಡಿ. ಸುತ್ತಿಗೆ ತಡೆಯಲ್ಲ. ನಾನಂತೂ ನನ್ನ ಮೂಸೆಗೆ ಹಾಕಲ್ಲ. ಈ ಪೇಟೇಲಿ ಯಾರೂ ಮುಟ್ಟಲ್ಲ, ತಗಂಡೋಗಿ."

ಬೇಕೆಂದೇ ಹಾಗೆ ಮಾಡಿದೆ, ಅತ್ತೆಯ ಕರಡಿಗೆ ಉಳಿಸಲು ಉಪಾಯ ಹೂಡಿದೆ ಎಂದು ಬರೆದುಕೊಳ್ಳಬಹುದಿತ್ತು. ಸುಳ್ಳು. ನನಗೆ ಗೊತ್ತೇ ಇರಲಿಲ್ಲ. ಅಪ್ಪನಿಗೆ ಗೊತ್ತಾಗಿದ್ದರೆ ತಲೆಗೆ ಮೊಟಕುತ್ತಿದ್ದರು. ಅವತ್ತು ಆ ಅಂಗಡಿಯಲ್ಲಿ ನನಗೆ ಅಳು ಬಂತು, ನಿಜವಾಗಿಯೂ ಬಂತು. ಅತ್ತೆಗೆ ತಾಯಿಯದೆಂದು ಉಳಿದಿದ್ದು ಒಂದೇ ವಸ್ತು, ಅದನ್ನೂ ಕೆಡಿಸಿಬಿಟ್ಟೆನಲ್ಲ ಎಂದು. ದಾರಿಯುದ್ದಕ್ಕೂ ಗಂಡ ಬೆಳ್ಳಿಯ ಗುಣಧರ್ಮದ ಬಗ್ಗೆ ಉಪನ್ಯಾಸ ಕೊಟ್ಟರು. ಹತ್ತು ನಿಮಿಷದ ಹಿಂದೆ ಅವರಿಗೂ ಅದು ಗೊತ್ತಿರಲಿಲ್ಲ. ಅತ್ತೆ ಮನೆಗೆ ಬಂದವರೇ ಕೈಕಾಲು ತೊಳೆದು, ಬಟ್ಟೆಯ ಗಂಟು ಬಿಚ್ಚಿ, ಲಿಂಗವನ್ನು ಕರಡಿಗೆಗೆ ಇಟ್ಟು ಕೊರಳಿಗೆ ಕಟ್ಟಿಕೊಂಡರು. ಮುದ್ದೆ ಪೂರ್ತಿ ಉಂಡರು. ನನ್ನ ನೀರು ಸಾರನ್ನು ಎರಡನೆಯ ಸಲ ಹಾಕಿಸಿಕೊಂಡಾಗ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಪೂಜೆ ಮುಗಿಸಿ, ಲಿಂಗ ತೆಗೆದ ಬರೀ ಕರಡಿಗೆ ಹಿಡಿದು ಅಡುಗೆಮನೆಗೆ ಬಂದರು. ಒಲೆಯ ಮೇಲಿದ್ದ ಹಾಲನ್ನು ಕೆಳಗಿಳಿಸಿ, ಆ ಹಿಡಿ ಮುರಿದ ಕಾವಲಿಯನ್ನು ತಾವೇ ಇಟ್ಟರು.

"ಈ ಕಡೆ ಕೊಂಡಿಗೂ ಒಂಚೂರು ಸೀಸ ಹಾಕು."

"ಅದು ಮುರಿದಿಲ್ವಲ್ಲ ಅತ್ತೆ?"

"ಗೊತ್ತೈತೆ ಕಣೇ, ಹಾಕು" ಎಂದರು.