ಊರಮ್ಮನ ಬಂಗಾರದ ಹುಳು

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸುಮಾಳ ಹತ್ತಿರ ರವಿಕೆ ಹೊಲಿಸಲು ಹೋದವರು ಬರೀ ಅಳತೆ ಕೊಟ್ಟು ಬಂದದ್ದಿಲ್ಲ. ಗಂಡನ ಊರು ಯಾವುದು, ಅಲ್ಲಿನ ಬಾವಿ ನೀರು ಸಿಹಿಯೋ ಉಪ್ಪೋ, ಅತ್ತೆಗೆ ಆ ಹೆಸರು ಯಾಕಿಟ್ಟರು, ಎಲ್ಲವನ್ನೂ ಹೇಳಿಯೇ ಬರಬೇಕು. ಬೇಸರಪಟ್ಟುಕೊಂಡು ಬೇರೆ ಅಂಗಡಿಗೆ ಹೋದವರೂ ಉಂಟು. ಅಲ್ಲಿ ಹೊಲಿಸಿದ ತೋಳು ಬಿಗಿಯಾಗಿ, ತೆಪ್ಪಗೆ ಇವಳ ಹತ್ತಿರವೇ ವಾಪಸ್ಸು ಬಂದರು. ಕುರಿ ಸಾಕುವ ಲೋಕಪ್ಪನ ಮಗಳು ಅವಳು. ಮಂದೆಯ ಹಿಂದೆ ಹೊಲ ಹೊಲ ಸುತ್ತಿ ಬಂದ ಅಪ್ಪನನ್ನು "ಇವತ್ತು ಏನೇನು ನೋಡ್ದೆ?" ಎಂದು ಕೇಳಿ ಕೇಳಿ ಜೀವ ತಿನ್ನುತ್ತಿದ್ದಳಂತೆ. ನಲವತ್ತು ದಾಟಿದರೂ ಆ ಚಟ ಬಿಟ್ಟಿಲ್ಲ.

ಇಂಥವಳ ಕೈಗೆ ಆ ಪಿನ್ನು ಸಿಗಬೇಕೇ! ಮಿಲಿಟರಿಯಿಂದ ನಿವೃತ್ತರಾದವರೊಬ್ಬರು ಎಂದೋ ಹರಾಜಿನಲ್ಲಿ ಕೊಂಡ ಹಳೆಯ ಕೋಟು ಬಿಗಿ ಮಾಡಲು ಕೊಟ್ಟಿದ್ದರು. ಕಾಲರಿನ ಮಡಿಕೆಯಲ್ಲಿ ಏನೋ ಬೆರಳಿಗೆ ಚುಚ್ಚಿತು. ಹೊರಗೆ ತೆಗೆದರೆ ಉಗುರುದ್ದದ ಹುಳು. ಬಂಗಾರದ ಬಣ್ಣ, ಕಮಾನಿನಂತೆ ಎದ್ದ ಬೆನ್ನು, ಕಣ್ಣಿಗೆ ಕೆಂಪು ಹರಳು. ಕೋಟು ಒಯ್ಯಲು ಬಂದ ಆ ಮಿಲಿಟರಿಯವರು ಒಂದು ಮಾತು ಹೇಳಿ ಹೋಗಬೇಕೆಂದಿದ್ದರು. ಎರಡು ಲೋಟ ಚಹಾ ಆಗುವವರೆಗೆ ಸುಮಾ ಬಿಡಲಿಲ್ಲ. ಅದು ರೇಷ್ಮೆ ಹುಳು. ಎರಡನೇ ಮಹಾಯುದ್ಧದಲ್ಲಿ ಉರಿಯುವ ವಿಮಾನದಿಂದ ಹಾರಿ, ಪ್ಯಾರಾಚೂಟಿನಿಂದ ಜೀವ ಉಳಿಸಿಕೊಂಡವರಿಗೆ ಪ್ಯಾರಾಚೂಟ್ ತಯಾರಿಸುವವರು ಕೊಡುತ್ತಿದ್ದ ಪಿನ್ನು. ಆಗ ಪ್ಯಾರಾಚೂಟನ್ನು ರೇಷ್ಮೆ ಬಟ್ಟೆಯಲ್ಲಿ ಹೊಲಿಯುತ್ತಿದ್ದರು, ಅದಕ್ಕೇ ಈ ಹುಳು. ಪಿನ್ನಿನ ಹಿಂಬದಿಯಲ್ಲಿ ಬದುಕಿ ಉಳಿದವನ ಹೆಸರು ಕೊರೆದಿರುತ್ತದೆ. ಇಷ್ಟು ಹೇಳಿ ಆ ಪುಣ್ಯಾತ್ಮರು, "ನೀನೇ ಇಟ್ಕೊಳಮ್ಮ, ನನ್ನನ್ನ ಬಿಡು" ಎಂದು ಎದ್ದರು.

ಅಲ್ಲಿಂದ ಶುರುವಾಯಿತು. ಫೋನಿನಲ್ಲಿ ಹುಡುಕಿ, ಯಾವ ಯಾವುದೋ ದೇಶದವರಿಗೆ ಬರೆದು, ಸುಮಾ ಇನ್ನೂ ಕೆಲವು ಹುಳುಗಳನ್ನು ತರಿಸಿಕೊಂಡಳು. ಅವುಗಳಲ್ಲಿ ಹೆಚ್ಚಿನವಕ್ಕೆ ಬಂಗಾರದ ನೀರು ಮಾತ್ರ. ಆದರೆ ಅವಳಿಗೆ ಬಂಗಾರ ಬೇಕಾಗಿರಲಿಲ್ಲ, ಹಿಂಬದಿಯ ಹೆಸರು ಬೇಕಾಗಿತ್ತು. ನೀಲಿ ಮಖಮಲ್ಲಿನ ತುಂಡಿಗೆ ಅವನ್ನು ಚುಚ್ಚಿಟ್ಟು, ಕಾಜಾ ಹಾಕುವಾಗ ಒಂದೊಂದನ್ನೇ ನೋಡುವಳು. ಇವನಿಗೆ ಮದುವೆಯಾಗಿತ್ತೇ? ಕೆಳಗೆ ಬಂದಾಗ ಮೊದಲು ಸಿಕ್ಕವರು ಯಾರು? ಹಾರುವ ಮುಂಚೆ ಹೆದರಿದನೇ?

"ಸತ್ತೋರ ಸಾಮಾನು ಮನಿಯಾಗ ಇಡಬ್ಯಾಡ" ಎಂದು ಅವ್ವ ಮಾಳಮ್ಮ ಗದರಿದಳು.

"ಸತ್ತೋರದಲ್ಲವ್ವ, ಬದುಕಿದೋರದು" ಎಂದಳು ಸುಮಾ.

ಒಂದು ಮಧ್ಯಾಹ್ನ ಒಂದು ಪಿನ್ನಿನ ಸೂಜಿ ಸಡಿಲವಾಯಿತೆಂದು ಅಕ್ಕಸಾಲಿ ನಾಗೇಶನ ಅಂಗಡಿಗೆ ಹೋದಳು. ನಾಗೇಶ ಹರಕೆ ಸಾಮಾನನ್ನೂ ಮಾಡುತ್ತಾನೆ. ಕಣ್ಣು ನೋವಿಗೆ ಬೆಳ್ಳಿ ಕಣ್ಣು, ಚೇಳು ಕಡಿದರೆ ಬೆಳ್ಳಿ ಚೇಳು, ಹೀಗೆ ಹರಕೆ ಹೊತ್ತವರು ಕೊಂಡು ದೇವರಿಗೆ ಒಪ್ಪಿಸುತ್ತಾರೆ. ಅವನ ತಟ್ಟೆಯಲ್ಲಿ ಒಂದು ಬೆಳ್ಳಿ ಹುಳು ಬಿದ್ದಿತ್ತು. ಬೆನ್ನು ಕಮಾನು. ಕಣ್ಣಿಗೆ ಕೆಂಪು ಅರಗು. ಸುಮಾ ತನ್ನ ಪಿನ್ನನ್ನು ಅದರ ಪಕ್ಕದಲ್ಲಿಟ್ಟಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಹಾಗಿದ್ದವು!

"ಇದೆಲ್ಲಿಂದ ಬಂತು ನಾಗೇಶಣ್ಣ?"

"ಎಲ್ಲಿಂದ ಬರ್ತೈತಿ, ನಾನೇ ಹೊಡೆದಿದ್ದು. ಉಳವಿ ಕಡೆ ಒಂದೂರಾಗ ಪೈರಿಗೆ ಹುಳ ಬಿದ್ರೆ ಊರಮ್ಮಗೆ ಇದನ್ನ ಕೊಡ್ತಾರ. ನಮ್ಮಜ್ಜನ ಕಾಲದಿಂದ ನಮ್ಮದೇ ಅಚ್ಚು."

ಸುಮಾ ಹುಳುವನ್ನು ಮಗುಚಿದಳು. ಹೊಟ್ಟೆಯ ಮೇಲೆ ಸಾಲಾಗಿ ಗೀರುಗಳು. ಅಕ್ಷರಗಳ ಹಾಗಿದ್ದವು, ಆದರೆ ಯಾವ ಅಕ್ಷರವೂ ಅಲ್ಲ.

"ಅವು ಕಾಲು ಕಣಕ್ಕ" ಎಂದ ನಾಗೇಶ. "ಕಾಲಿಲ್ದ ಹುಳನ ಅಮ್ಮ ತಗಳಲ್ಲ ಅಂತ ನಮ್ಮಜ್ಜ ಹೇಳ್ತಿದ್ರು. ಅಚ್ಚು ಸವೆದಾಗೆಲ್ಲ ಹಳೇ ಹುಳದ ಮ್ಯಾಲೆ ಹೊಸ ಅಚ್ಚು ತೆಗೀತೀವಿ. ಮೊದಲನೇದು ಬಂಗಾರದ್ದಂತೆ. ಅದು ಅಮ್ಮನ ಎದಿ ಮ್ಯಾಲೇ ಐತಿ."

ಪಾಪ, ಅಜ್ಜನಿಂದ ಮೊಮ್ಮಗನವರೆಗೆ ಇಂಗ್ಲಿಷ್ ಅಕ್ಷರದಲ್ಲಿ ಕೊರೆದ ಹೆಸರೊಂದನ್ನು ಹುಳುವಿನ ಕಾಲೆಂದು ತಿಳಿದು ಭಕ್ತಿಯಿಂದ ಹೊಡೆದಿದ್ದರು. ಸುಮಾಳಿಗೆ ಆ ದಿನ ಊಟ ರುಚಿಸಲಿಲ್ಲ. ಮರುದಿನ ಅಂಗಡಿಗೆ ಬೀಗ ಹಾಕಿ ಸೊರಬದ ಬಸ್ಸು ಹತ್ತಿದಳು.

ಉಳವಿಯಲ್ಲಿ ಇಳಿದು, ಕೇಳಿಕೊಂಡು, ಗದ್ದೆಯ ಬದಿಯಲ್ಲಿ ನಡೆದು ಆ ಊರಿನ ಊರಮ್ಮನ ಗುಡಿ ಸೇರಿದಳು. ಅಮ್ಮನ ಪೂಜೆ ಮಾಡುವ ಮನೆತನದ ಬಸವಣ್ಣೆಮ್ಮ ಬಾಗಿಲು ತೆಗೆದಳು. ದೇವಿಯ ಎದೆಯ ಮೇಲೆ, ಅರಿಶಿನ ಕುಂಕುಮದ ನಡುವೆ, ಅರಗಿನಲ್ಲಿ ಕೂರಿಸಿದ ಬಂಗಾರದ ಹುಳು ಕಂಡಿತು. ಸುಮಾ ಕೈ ಮುಗಿಯುವುದನ್ನೂ ಮರೆತು ನೋಡುತ್ತ ನಿಂತಳು.

ಪೇಟೆಯಿಂದ ಯಾರೋ ಹುಳ ನೋಡಲು ಬಂದಿದ್ದಾರೆಂದು ಕೇಳಿ ಹುಲಿಯಮ್ಮ ಕೋಲೂರಿಕೊಂಡು ಬಂದಳು. ತಲೆ ಪೂರ್ತಿ ನರೆತಿದ್ದರೂ ಗಂಟಲು ಮಾತ್ರ ಗಟ್ಟಿ. "ಅದು ನಮ್ಮಪ್ಪಂದು" ಎಂದಳು, ಯಾರೂ ಕೇಳುವ ಮುಂಚೆಯೇ.

ಬಸವಣ್ಣೆಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಆಕಾಶದ ಕೆಂಪಪ್ಪನ ಮಗಳು ಇವಳು. ಅವಳಪ್ಪ ವಿಮಾನದಿಂದ ಬಿದ್ದಿದ್ನಂತೆ, ಛತ್ರಿ ಹಿಡ್ಕೊಂಡು!"

ಹುಲಿಯಮ್ಮ ಅವಳ ಕಡೆ ತಿರುಗದೆ ಸುಮಾಳಿಗೇ ಹೇಳಿದಳು. ಅಪ್ಪ ಕೆಂಪಪ್ಪ ನಾಲ್ಕಕ್ಷರ ಕಲಿತವನು, ಯುದ್ಧದ ಕಾಲದಲ್ಲಿ ವಿಮಾನ ರಿಪೇರಿಯ ಕೆಲಸಕ್ಕೆ ಸೇರಿದ್ದ. ರಿಪೇರಿಯಾದ ವಿಮಾನ ಪರೀಕ್ಷಿಸಲು ಮೇಲೆ ಹೋದಾಗ ಅದಕ್ಕೆ ಬೆಂಕಿ ಬಿತ್ತು, ಹಾರಿದ, ಬದುಕಿದ. ಊರಿಗೆ ಮರಳಿದ ಮೇಲೆ ಟಪಾಲಿನಲ್ಲಿ ಬಂಗಾರದ ಹುಳು ಬಂತು. ಖುಷಿಯಿಂದ ಕಟ್ಟೆಯ ಮೇಲೆ ಕೂತವರಿಗೆಲ್ಲ ತೋರಿಸಿದ. ಯುದ್ಧಕ್ಕೆ ಹೋದವರಿಗೆ ಪದಕ ಕೊಡ್ತಾರೆ, ಹುಳ ಕೊಡ್ತಾರೇನೋ ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕರು. ಇಂಗ್ಲಿಷ್ ಓದಬಲ್ಲವರು ಆಗ ಊರಿನಲ್ಲಿ ಯಾರೂ ಇರಲಿಲ್ಲ, ಯಾವನೋ ಸಾಹೇಬನ ಸಾಮಾನು ಕದ್ದಿದ್ದಾನೆ ಎಂದವರೂ ಇದ್ದರು. ಆ ವರ್ಷ ಭತ್ತಕ್ಕೆ ಹುಳು ಬಿದ್ದು ಊರೆಲ್ಲ ಅಮ್ಮನಿಗೆ ಮೊರೆ ಇಡುತ್ತಿತ್ತು. ಸಿಟ್ಟಿನಲ್ಲಿ ಅವನು, "ಹುಳಕ್ಕೆ ಹುಳ ತಗೋ ತಾಯಿ" ಎಂದು ಅದನ್ನು ಗುಡಿಯಲ್ಲಿ ಎಸೆದು ಬಂದ. ಪೈರಿನ ಹುಳು ಹೋಯಿತು. ಊರಿನವರು ಬಂಗಾರದ ಹುಳುವಿಗೆ ಕೈ ಮುಗಿದರು, ಅದನ್ನು ಕೊಟ್ಟವನನ್ನು ನೋಡಿ ಅವನು ಸಾಯುವವರೆಗೆ ನಕ್ಕರು.

"ಇದೇ ಊರಾಗೇ ನನ್ನ ಮದುವೆ ಮಾಡಿ ಕೊಟ್ರು. ನಂಗೂ ಅದೇ ಹೆಸರು, ಆಕಾಶದೋಳು ಅಂತ. ನಿಜ ಅಂತ ಜಗಳ ಆಡಿ ಆಡಿ ನನ್ನ ಆಯಸ್ಸೇ ಹೋಯ್ತು ಮಾರಾಯ್ತಿ."

"ಅಮ್ಮಾ, ಇಂಥ ಹುಳದ ಹಿಂದೆ ಹೆಸರು ಇರ್ತೈತಿ" ಎಂದಳು ಸುಮಾ. "ಬದುಕಿದೋರ ಹೆಸರು."

ಹುಲಿಯಮ್ಮನ ಕೋಲು ನೆಲಕ್ಕೆ ಜಾರಿತು. ಮೆಲ್ಲಗೆ ಕೇಳಿದಳು, "ಬೇರೆ ಯಾರದೋ ಹೆಸರಿದ್ರೆ?"

ಸುಮಾಳಿಗೆ ತಾನು ಬರಬಾರದಿತ್ತೇನೋ ಅನಿಸಿತು. ಇಷ್ಟು ದಿನ ಹೆಸರು ಯಾರದಾದರೂ ಅವಳಿಗೆ ಸಂತೋಷವೇ ಆಗಿತ್ತು. ಈಗ ಮೊದಲ ಸಲ ಕೆಂಪಪ್ಪನ ಹೆಸರೇ ಇರಲಿ ಎಂದು ಮನಸ್ಸು ಬೇಡುತ್ತಿತ್ತು. ಆದರೆ ಆಡಿದ ಮಾತು ಹೊರಗೆ ಬಿದ್ದಾಗಿತ್ತು. ಹುಲಿಯಮ್ಮನೇ "ನೋಡೇಬಿಡು" ಎಂದಳು.

ಅಮ್ಮನ ಒಡವೆ ಕೀಳಲು ಅಮ್ಮನನ್ನೇ ಕೇಳಬೇಕು. ಬಸವಣ್ಣೆಮ್ಮ ದೇವಿಯ ಎರಡೂ ಭುಜಕ್ಕೆ ಹೂವಿಟ್ಟು, ಬಲಕ್ಕೆ ಬಿದ್ದರೆ ಒಪ್ಪಿಗೆ ಎಂದು ಕೇಳಿಕೊಂಡಳು. ತುಂಬಾ ಹೊತ್ತು ಎರಡೂ ಕದಲಲಿಲ್ಲ. ಆಮೇಲೆ ಎಡಗಡೆಯದು ಉದುರಿತು. ಅಲ್ಲಿಗೆ ಮುಗಿಯಿತು. ಅಮ್ಮ ಬೇಡ ಅಂದ ಮೇಲೆ ವಾದ ಮಾಡುವಷ್ಟು ದೊಡ್ಡವರು ಅಲ್ಲಿ ಯಾರೂ ಇರಲಿಲ್ಲ.

ಆಗ ಸುಮಾಳಿಗೆ ನಾಗೇಶನ ಅಚ್ಚಿನ ಮಾತು ತಲೆಗೆ ಬಂತು. ಅಚ್ಚು ಸವೆಯುತ್ತ ಬಂದಿದ್ದರೆ, ಹುಳು ಎಷ್ಟು ಹಳೆಯದೋ ಅದರ ಕಾಲು ಅಷ್ಟು ಸ್ಪಷ್ಟ ಇರಬೇಕಲ್ಲ! "ಬಸವಣ್ಣೆಮ್ಮನೋರೇ, ಎಲ್ಲಕ್ಕಿಂತ ಮೊದ್ಲು ಬಂದ ಬೆಳ್ಳಿ ಹುಳ ಐತಾ?"

ಬಸವಣ್ಣೆಮ್ಮನ ಮುಖ ಅರಳಿತು. "ಐತಾ ಅಂದ್ರೆ? ನಮ್ಮನೇದೇ ಮೊದಲ್ನೇದು. ಅಮ್ಮನ ಮೈಮೇಲೆ ಬಂಗಾರದ್ದನ್ನ ಕೂರ್ಸೋಕೆ ಬಂದ ಅಕ್ಕಸಾಲಿ ಹತ್ರಾನೇ ನಮ್ಮತ್ತೆ ಮಾಡ್ಸಿದ್ದು." ತಮ್ಮ ಮನೆಯ ಹೆಚ್ಚುಗಾರಿಕೆ ತೋರಿಸುವ ಉತ್ಸಾಹದಲ್ಲಿ ಹಿತ್ತಾಳೆ ಡಬ್ಬಿ ತಂದು, ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದ ಹುಳುವನ್ನು ಸುಮಾಳ ಅಂಗೈಗೆ ಹಾಕಿದಳು.

ಸುಮಾ ಅದನ್ನು ಬಾಗಿಲ ಬೆಳಕಿಗೆ ಒಯ್ದು, ಸೆರಗಿನಿಂದ ಉಜ್ಜಿ, ಚೀಲದಲ್ಲಿ ತಂದಿದ್ದ ಭೂತಗನ್ನಡಿ ಹಿಡಿದಳು. ಮೊದಲು ಹುದ್ದೆಯ ಒಂದೆರಡು ಅಕ್ಷರ. ಆಮೇಲೆ ಹೆಸರು. ಒಂದು ಸಲ ಮನಸ್ಸಿನಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ಹುಲಿಯಮ್ಮನ ಕಡೆ ತಿರುಗಿದಳು.

"ಕೆಂಪಪ್ಪ ಅಂತ ಐತಮ್ಮ. ಕೆಂಪಪ್ಪ ಅಂತಾನೇ ಐತಿ."

ಬಸವಣ್ಣೆಮ್ಮ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನಿಂತಳು. ನಗು ಎಲ್ಲಿ ಹೋಯಿತೋ. ಹುಲಿಯಮ್ಮ ಈಗ ಊರೆಲ್ಲ ಕೇಳುವಂತೆ ಕೂಗುತ್ತಾಳೆ, ಆಯಸ್ಸಿನ ಬಾಕಿಯನ್ನೆಲ್ಲ ಒಂದೇ ಸಲ ತೀರಿಸಿಕೊಳ್ಳುತ್ತಾಳೆ ಎಂದು ಸುಮಾ ಕಾದಳು. ಹುಲಿಯಮ್ಮ ಕೂಗಲಿಲ್ಲ. ಕಂಬ ಹಿಡಿದು ಮೆಲ್ಲಗೆ ಕೆಳಗೆ ಕೂತಳು.

"ಅಂದ್ರೆ ಬಿದ್ದಿದ್ದು ನಿಜವೇ?"

"ನಿಜ ಅಮ್ಮ."

"ಅಷ್ಟು ಎತ್ತರದಿಂದ?" ಅವಳು ಬಾಗಿಲಾಚೆ ಆಕಾಶವನ್ನು ನೋಡಿದಳು. ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. ಮಗು ಬಾವಿಕಟ್ಟೆ ಹತ್ತಿದ್ದನ್ನು ಕಂಡ ತಾಯಿಯ ಗಾಬರಿ ಇತ್ತು. "ಅಯ್ಯೋ, ಸತ್ತೇ ಹೋಗ್ತಿದ್ನಲ್ಲೇ ನಮ್ಮಪ್ಪ!"

ಆಮೇಲೆ ಅವಳು ಅತ್ತಳು. ಸುಮಾ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ನಿಜ, ನಿಜ ಅಂತ ಊರಿನೋರ ಜೊತೆಗೆಲ್ಲ ಬಡಿದಾಡ್ದೆ. ಬೀಳುವಾಗ ಹೆದರಿಕೆ ಆಯ್ತಾ ಅಪ್ಪಾ ಅಂತ ಒಂದು ದಿನವೂ ಅವನನ್ನ ಕೇಳ್ಲಿಲ್ಲ ನೋಡು" ಎಂದಳು ಹುಲಿಯಮ್ಮ.

ಬಸವಣ್ಣೆಮ್ಮ ಒಳಗಿನಿಂದ ಒಂದು ಚೊಂಬು ನೀರು ತಂದು ಅವಳ ಮುಂದಿಟ್ಟು, ಅವಳ ಇನ್ನೊಂದು ಪಕ್ಕದಲ್ಲಿ ಕೂತಳು.