ಸಿಹಿ ಉಳಿಸುವ ಗಳಿಗೆ

ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ಕೊಳೆತ ಹಣ್ಣಿನಂಥ, ಸುಟ್ಟ ಬೆಲ್ಲದಂಥ ವಾಸನೆ. ತೊಟ್ಟಿಯೊಳಗೆ ನೀಲಿ ದ್ರಾಕ್ಷಿಯ ರಸ ಬೆಂಕಿಯೇ ಇಲ್ಲದೆ ಕೊತಕೊತ ಕುದಿಯುತ್ತಿತ್ತು. ಎಂಬತ್ತರ ದಶಕದ ಆರಂಭ. ಕೆಮಿಸ್ಟ್ರಿ ಡಿಗ್ರಿ ಹಿಡಿದು ಬಿಜಾಪುರದಿಂದ ಬೆಂಗಳೂರಿನ ವಸಂತಪುರದಾಚೆಯ ವೈನ್ ಕಾರ್ಖಾನೆಗೆ ಬಂದಿದ್ದೆ. ಮದ್ಯವನ್ನು ನಾಲಿಗೆಗೂ ಮುಟ್ಟಿಸುವುದಿಲ್ಲವೆಂದು ಅವ್ವನಿಗೆ ಮಾತು ಕೊಟ್ಟೇ ಬಸ್ಸು ಹತ್ತಿದ್ದೆ.

ನಮ್ಮೂರಲ್ಲಿ ಮಾರ್ಚಿ ಬಂತೆಂದರೆ ನೆಲ ಕಾದ ಹೆಂಚು. ಬನಶಂಕರಿಯ ನನ್ನ ಬಾಡಿಗೆ ಕೋಣೆಯಲ್ಲಿ ಆಗಲೂ ಬೆಳಗಿನ ಜಾವಕ್ಕೆ ಹೊದಿಕೆ ಬೇಕಿತ್ತು. ಜೋಳದ ರೊಟ್ಟಿ ಹುಡುಕಿ ಜಯನಗರವೆಲ್ಲ ಸುತ್ತಿದೆ, ಸಿಗಲಿಲ್ಲ. "ಏನ್ ಕೆಲ್ಸ ನಿಮ್ದು?" ಎಂದು ಮನೆಯೊಡತಿ ಕೇಳಿದಾಗ, "ಹಣ್ಣಿನ ರಸದ ಕಾರ್ಖಾನಿರೀ" ಎಂದೆ. ನನ್ನ 'ರೀ' ಕೇಳಿ ನಕ್ಕರು. ಸುಳ್ಳು ಗೊತ್ತಾಗಲಿಲ್ಲ.

ಕೆಲಸ ಕಲಿಸಿದವರು ತೊಟ್ಟಿಗಳ ಮೇಸ್ತ್ರಿ ಮುನಿಯಪ್ಪ, ವಸಂತಪುರದ ಕಡೆಯವರೇ. "ಈಸ್ಟು ಸಿಹೀನ ತಿಂತಾ ಇರ್ತದೆ ಸಾರ್. ಅರ್ಧ ತಿಂದಾಗ ದ್ರಾಕ್ಷಿ ಬ್ರಾಂದಿ ಹುಯ್ದ್ರೆ ಅದು ಸಾಯ್ತದೆ, ಸಿಹಿ ಉಳೀತದೆ. ಅದು ಪೋರ್ಟು ವೈನು. ಪೂರ್ತಿ ತಿನ್ನೋಕ್ ಬಿಟ್ಟು ಆಮೇಲೆ ಹುಯ್ದ್ರೆ ಶೆರಿ." ಪೋರ್ಟು ದಟ್ಟ ಕೆಂಪು, ಬಾಯಿಗೆ ಅಂಟುವಷ್ಟು ಸಿಹಿ. ಶೆರಿಯ ಪೀಪಾಯಿಗಳನ್ನು ಕಂಠದವರೆಗೆ ತುಂಬುತ್ತಿರಲಿಲ್ಲ. ಗಾಳಿ ತಾಗುತ್ತ ತಾಗುತ್ತ ಅದಕ್ಕೆ ಬಾದಾಮಿಯ ವಾಸನೆ ಬರುತ್ತಿತ್ತು.

ಸಿಹಿ ಎಷ್ಟಿದೆಯೆಂದು ನನ್ನ ಗಾಜಿನ ಮಾಪಕ ಹೇಳುತ್ತಿತ್ತು. ರುಚಿ ಹದಕ್ಕೆ ಬಂತೇ, ಬ್ರಾಂದಿ ಹುಯ್ಯುವ ಗಳಿಗೆ ಯಾವುದು ಎಂಬುದನ್ನು ಮುನಿಯಪ್ಪನವರ ನಾಲಿಗೆ ಮಾತ್ರ. ಎರಡನೆಯ ಸುಗ್ಗಿಯಲ್ಲಿ ಅವರು ಒಂದೇ ತೊಟ್ಟಿಯನ್ನು ಮೂರು ಸಲ ರುಚಿ ನೋಡಿ, ಲೋಟವನ್ನು ನನ್ನತ್ತ ಚಾಚಿದರು.

"ಜ್ವರ ಬಂದು ಹೋದ್ಮೇಲೆ ಮೂಗೂ ಇಲ್ಲ, ನಾಲ್ಗೇನೂ ಇಲ್ಲ ಮಗಾ. ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ನೀನು ನೋಡಿ ಹೇಳು."

ಮಗಾ ಎಂದದ್ದು ಅದೇ ಮೊದಲು. ಬಾಯಲ್ಲಿ ತಿರುಗಿಸಿ ಉಗುಳಿದೆ. "ಇನ್ನೂ ಹದಕ್ಕ ಬಂದಿಲ್ರಿ. ಒಂದ್ ತಾಸು ತಡೀರಿ." ತಾಸಿನ ಬಳಿಕ ಮತ್ತೆ ನೋಡಿ, "ಈಗ ಹಾಕ್ರಿ" ಎಂದೆ. ಬ್ರಾಂದಿ ಬಿದ್ದಂತೆ ಗುಳ್ಳೆಗಳು ಒಂದೊಂದಾಗಿ ಅಡಗಿದವು. ಅವರು ನಿವೃತ್ತರಾಗುವವರೆಗೂ ನಾನೇ ಅವರ ನಾಲಿಗೆಯಾದೆ. ಕಾರ್ಖಾನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಊರಿಗೆ ಹೋದಾಗ, ಮಾತು ಮುರಿದದ್ದನ್ನು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಮುದುಕನ ಅನ್ನ ಉಳಿಸೀದಿ, ಬಿಡು" ಎಂದಳು. ಮತ್ತೆ ರೊಟ್ಟಿ ಬಡಿಯುತ್ತ, "ಆದ್ರ ನಾಲಿಗಿಗೆ ಹತ್ತಿದ್ದು ಉಗುಳಿದ್ರ ಹೋಗತೈತೇನು?"

ಹೋಗಲಿಲ್ಲ. ಊರಿನ ತೋಟದ ದ್ರಾಕ್ಷಿ ಬಾಯಿಗಿಟ್ಟರೂ ಇದು ಪೋರ್ಟಿಗೋ ಶೆರಿಗೋ ಎಂದು ತೂಗುತ್ತೇನೆ. ರಜೆಗೆ ಹೋದಾಗಲೆಲ್ಲ ಓಣಿಯ ಮಂದಿ ಕೇಳುತ್ತಾರೆ: "ಯಾವಾಗ ಬಂದಿ? ಯಾವಾಗ ಹೊಂಟಿ?" ಎರಡನೆಯದಕ್ಕೆ ಥಟ್ಟನೆ ಉತ್ತರ ಹೇಳುತ್ತೇನೆ. ಮೊದಲನೆಯದಕ್ಕೆ, ನಿಜವಾಗಿ ಬಂದಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ.